ಆರೋಗ್ಯ ವಿಶ್ವವಿದ್ಯಾಲಯದ ಕಾರ್ಯಕ್ರಮಕ್ಕೆ ಜನ ಯಾಕೆ ಬರುವುದಿಲ್ಲ?

ಸಮಿತಿ_ಸದಸ್ಯೆ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಸಾರ್ವಜನಿಕ ಕಾರ್ಯಕ್ರಮಗಳ ಸಮಿತಿಗೂ ಸೇರಿಸಿದ್ದಾರೆ.

ನಮ್ಮಲ್ಲಿ ಕಾರ್ಯಕ್ರಮಗಳಿಗೇನೂ ಬರವಿಲ್ಲ. ಏಪ್ರಿಲ್ 7ಕ್ಕೆ ವಿಶ್ವ ಆರೋಗ್ಯ ದಿನ, ನವೆಂಬರ್ 14ಕ್ಕೆ ಮಧುಮೇಹ ದಿನ, ಡಿಸೆಂಬರ್ 1ಕ್ಕೆ ಏಡ್ಸ್ ದಿನ. ಭಾಷಣ, ಜಾಥಾ, ಪೋಸ್ಟರ್ ಸ್ಪರ್ಧೆ, ತಪಾಸಣಾ ಶಿಬಿರ ಎಲ್ಲ ಆಗುತ್ತದೆ. ಫೋಟೋ ತೆಗೆದು ವರದಿ ಕಳಿಸುತ್ತೇವೆ. ಆದರೆ ಸಭಾಂಗಣ ತುಂಬಿಸುವವರು ನಮ್ಮ ವಿದ್ಯಾರ್ಥಿಗಳೇ. ಹೊರಗಿನಿಂದ ಬಂದ ಕೆಲವರು ಮುಂದಿನ ಸಲ ಕಾಣಿಸುವುದಿಲ್ಲ. ಅದೇ ಜನ ಆರೋಗ್ಯದ ವಿಡಿಯೋಗಳನ್ನು ಫೋನಿನಲ್ಲಿ ಗಂಟೆಗಟ್ಟಲೆ ನೋಡುತ್ತಾರೆ. ಅಂದರೆ ಆಸಕ್ತಿ ಇದೆ, ನಮ್ಮ ಹತ್ತಿರ ಬರುವುದಿಲ್ಲ ಅಷ್ಟೇ.

ಜನರ ಜೊತೆ ನಿಜವಾಗಿ ಬೆರೆಯಬೇಕು ಅಂದರೆ ನಾವು ಏನು ಶುರು ಮಾಡಬೇಕು, ಏನು ನಿಲ್ಲಿಸಬೇಕು? ವೈದ್ಯರೇ ಆಗಬೇಕಿಲ್ಲ, ಯಾರು ಬೇಕಾದರೂ ಹೇಳಿ. ನೇರವಾಗಿ ಹೇಳಿ.

ಮೂರನೇ_ವರ್ಷ:
ಬೇರೆ ಕಾಲೇಜಿನ ವಿದ್ಯಾರ್ಥಿ ನಾನು. ನಮ್ಮಲ್ಲೂ ಇದೇ ಕಥೆ. ಹಾಜರಾತಿ ಹಾಕುತ್ತಾರೆ, ಅದಕ್ಕೇ ಸಭಾಂಗಣ ತುಂಬಿರುತ್ತದೆ. ತರಗತಿಯಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇವೆ.

ಬೆಳದಿಂಗಳು:
ಮೊದಲು ಸಮಯ ನೋಡಿ. ವಾರದ ಮಧ್ಯೆ, ಬೆಳಿಗ್ಗೆ 11ಕ್ಕೆ ಇಟ್ಟರೆ ಯಾರು ಬರುತ್ತಾರೆ? ದಿನಗೂಲಿಯವರು ಬರಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಬರಲ್ಲ. ಅವರಿಗೇ ತಾನೆ ಮಾಹಿತಿ ಜಾಸ್ತಿ ಬೇಕಾಗಿರುವುದು? ಬಂದವರಿಗೂ ಪ್ರಶ್ನೆ ಕೇಳಲು ಕೊನೆಯಲ್ಲಿ ಐದು ನಿಮಿಷ ಸಿಕ್ಕರೆ ಪುಣ್ಯ.

ಗಣಿತಪ್ರಿಯ:
ನೇರವಾಗಿ ಹೇಳಿ ಅಂದಿದ್ದೀರಿ, ಹೇಳುತ್ತೇನೆ. ಶಿಬಿರಗಳನ್ನು ನಿಲ್ಲಿಸಿ.

ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಸಾಮಾನ್ಯ ಆರೋಗ್ಯ ತಪಾಸಣೆಗಳ ಬಗ್ಗೆ ಒಂದು ವಿಮರ್ಶೆ ಹೊರತಂದಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿದೆ. ಯಾವ ತೊಂದರೆಯೂ ಇಲ್ಲದವರನ್ನು ಕರೆದು ಎಲ್ಲ ಪರೀಕ್ಷೆ ಮಾಡಿದರೆ ಸಾವು ಕಡಿಮೆಯಾಗುತ್ತದೆಯೇ ಅಂತ ನೋಡಿದರು. ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ವಿಶ್ವವಿದ್ಯಾಲಯ ಅಂದಮೇಲೆ ಪುರಾವೆ ನೋಡಬೇಕು ಅಲ್ವಾ? ಶಿಬಿರದಿಂದ ಬರುವುದು ಸಂಖ್ಯೆ ಮಾತ್ರ. "ಇಷ್ಟು ಜನರನ್ನು ಪರೀಕ್ಷಿಸಲಾಯಿತು" ಅಂತ ವರದಿಗೆ ಒಂದು ಸಾಲು.

ವಾರ್ಡ್_ನರ್ಸ್:
@ಗಣಿತಪ್ರಿಯ ಇದನ್ನು ಒಪ್ಪಲಾರೆ. ಆ ಅಧ್ಯಯನಗಳು ನಡೆದದ್ದು ಹೆಚ್ಚಾಗಿ ಶ್ರೀಮಂತ ದೇಶಗಳಲ್ಲಿ. ಅಲ್ಲಿ ಮನೆ ಹತ್ತಿರವೇ ಒಬ್ಬ ವೈದ್ಯರು ಇರುತ್ತಾರೆ, ಬೇರೆ ಕಾರಣಕ್ಕೆ ಹೋದಾಗಲೂ ಬಿಪಿ ನೋಡಿಬಿಡುತ್ತಾರೆ. ಜೀವನದಲ್ಲಿ ಒಮ್ಮೆಯೂ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳದವರ ಲೆಕ್ಕವೇ ಬೇರೆ. ಬಿಪಿ ಏರಿದರೆ ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಾರ್ಶ್ವವಾಯು ಹೊಡೆದಾಗ. ಅಂಥವರನ್ನು ನಾನು ವಾರ್ಡಿನಲ್ಲಿ ನೋಡುತ್ತೇನೆ. ಕೈ ಎತ್ತಲು ಆಗದೆ ಅಳುತ್ತಾರೆ. ನೀವು ಒಂದು ಸಲ ಬಂದು ನೋಡಿ, ಆಮೇಲೆ "ನಿಲ್ಲಿಸಿ" ಅನ್ನಿ.

ಆದರೆ ಶಿಬಿರದಲ್ಲಿ ಅಳೆಯುವ ರೀತಿ ಸರಿಯಿಲ್ಲ, ಅದನ್ನು ಒಪ್ಪುತ್ತೇನೆ. ಸಾಲಿನಲ್ಲಿ ನಿಂತು ಬಂದವರನ್ನು ಕೂರಿಸಿ, ತಕ್ಷಣ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ ಅಳೆಯುತ್ತಾರೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಬೇಕು, ಪಾದ ನೆಲಕ್ಕೆ ತಾಗಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಇನ್ನೊಂದು ವಿಷಯ: ಎರಡು ಬೇರೆ ಬೇರೆ ದಿನ ಅಳೆದಾಗ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೇ ಅದಕ್ಕೂ ಜಾಸ್ತಿ ಬಂದರೆ ಮಾತ್ರ ಅಧಿಕ ರಕ್ತದೊತ್ತಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಶಿಬಿರ ನಡೆಯುವುದು ಒಂದೇ ದಿನ! ಎರಡನೇ ದಿನ ಅವರನ್ನು ಯಾರು ಹುಡುಕುತ್ತಾರೆ?

ಗಣಿತಪ್ರಿಯ:
ಹಾಗಾದರೆ ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ. ಎರಡನೇ ದಿನ ಇಲ್ಲದ ಶಿಬಿರ ಬೇಡ.

ವಾರ್ಡ್_ನರ್ಸ್:
ಇಲ್ಲ, ಒಂದೇ ಮಾತಲ್ಲ. ನೀವು ನಿಲ್ಲಿಸಿ ಅಂದಿರಿ, ನಾನು ಪೂರ್ತಿ ಮಾಡಿ ಅನ್ನುತ್ತಿದ್ದೇನೆ.

ಔಷಧಿ_ಪೆಟ್ಟಿಗೆ:
ನಾನು ಫಾರ್ಮಸಿ ಓದಿದವನು. ಲಾಸ್ ಏಂಜಲೀಸ್‌ನಲ್ಲಿ ನಡೆದ ಪ್ರಯೋಗ ಇಲ್ಲಿ ಹೇಳಲೇಬೇಕು. 2018ರಲ್ಲಿ ಪ್ರಕಟವಾಯಿತು. ಕ್ಷೌರದ ಅಂಗಡಿಗಳಿಗೆ ಬರುವ ಕಪ್ಪು ಜನಾಂಗದ ಗಂಡಸರಲ್ಲಿ ಬಿಪಿ ಜಾಸ್ತಿ ಇದ್ದವರನ್ನು ಆರಿಸಿಕೊಂಡರು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು "ಡಾಕ್ಟರ್ ಹತ್ತಿರ ಹೋಗಿ, ಅಭ್ಯಾಸ ಬದಲಿಸಿಕೊಳ್ಳಿ" ಅಂತ ಹೇಳಿದರು. ಇನ್ನು ಕೆಲವು ಅಂಗಡಿಗಳಿಗೆ ತರಬೇತಾದ ಫಾರ್ಮಸಿಸ್ಟ್‌ಗಳೇ ಬಂದು, ವೈದ್ಯರ ಜೊತೆ ಒಪ್ಪಂದ ಮಾಡಿಕೊಂಡು, ಅಲ್ಲೇ ಔಷಧಿ ಶುರು ಮಾಡಿದರು. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 9ರಷ್ಟು ಇಳಿದಿತ್ತು. ಎರಡನೇ ಗುಂಪಿನಲ್ಲಿ 27ರಷ್ಟು.

ಆ ಗಂಡಸರು ಆಸ್ಪತ್ರೆಯನ್ನು ನಂಬುತ್ತಿರಲಿಲ್ಲ, ತಮ್ಮ ಕ್ಷೌರಿಕರನ್ನು ನಂಬುತ್ತಿದ್ದರು. ವಿಶ್ವವಿದ್ಯಾಲಯದ ಗೇಟಿಗೆ ಬ್ಯಾನರ್ ಕಟ್ಟಿ "ಬನ್ನಿ" ಅನ್ನುವುದು ಬಿಡಿ. ಜನ ಈಗಾಗಲೇ ನಂಬಿರುವ ಜಾಗ ಯಾವುದು ಅಂತ ಕೇಳಿ, ಅಲ್ಲಿಗೆ ಹೋಗಿ. ಹೋಗುವಾಗ ಬರೀ ಉಪದೇಶ ಒಯ್ಯಬೇಡಿ. ಚಿಕಿತ್ಸೆಯೂ ಜೊತೆಗಿರಲಿ.

ಹೆದ್ದಾರಿ:
ಇದು ಚೆನ್ನಾಗಿದೆ. ಆದರೆ ಇದಕ್ಕೆ ದುಡ್ಡು, ಜನ, ಕಾನೂನು ಎಲ್ಲ ಬೇಕು. ಫಾರ್ಮಸಿಸ್ಟ್ ಔಷಧಿ ಬರೆದುಕೊಡಲು ಎಲ್ಲ ಕಡೆ ಬಿಡುವುದಿಲ್ಲ.

ಔಷಧಿ_ಪೆಟ್ಟಿಗೆ:
ಬಿಡದಿದ್ದರೆ ವೈದ್ಯರನ್ನೇ ಕರೆದುಕೊಂಡು ಹೋಗಲಿ. ವಿಶ್ವವಿದ್ಯಾಲಯದಲ್ಲಿ ವೈದ್ಯರಿಗೆ ಬರವೇ?

ಹಳೇ_ಓದುಗ:
ತಪಾಸಣೆ ಬಗ್ಗೆ ಇನ್ನೊಂದು ಎಚ್ಚರಿಕೆ. ದಕ್ಷಿಣ ಕೊರಿಯಾದಲ್ಲಿ 1999ರಿಂದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅದರಲ್ಲಿ ಇರಲಿಲ್ಲ. ಆದರೆ ಆಸ್ಪತ್ರೆಗಳು ಸ್ವಲ್ಪ ಹಣ ಜಾಸ್ತಿ ತೆಗೆದುಕೊಂಡು ಕುತ್ತಿಗೆಯ ಸ್ಕ್ಯಾನನ್ನೂ ಸೇರಿಸಿದವು. 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟು ಆಗಿತ್ತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳನ್ನು ಹುಡುಕಿ ತೆಗೆದಿದ್ದರು. ಗ್ರಂಥಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಜೀವನಪೂರ್ತಿ ಮಾತ್ರೆ ನುಂಗಬೇಕು. ಕೆಲವರ ದನಿಯೇ ಹೋಯಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಮುಂದಿನ ಭಾಗ. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಒಟ್ಟಾಗಿ "ಲಕ್ಷಣ ಇಲ್ಲದಿದ್ದರೆ ಈ ಸ್ಕ್ಯಾನ್ ಮಾಡಿಸಬೇಡಿ" ಅಂತ ಜನರಿಗೆ ಬಹಿರಂಗ ಪತ್ರ ಬರೆದರು. ಮಾಧ್ಯಮಗಳು ಎತ್ತಿಕೊಂಡವು. ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಸುಮಾರು ಮೂರನೇ ಒಂದು ಭಾಗ ಇಳಿದವು. ಸಹೋದ್ಯೋಗಿಗಳ ಆದಾಯಕ್ಕೆ ಪೆಟ್ಟು ಬಿದ್ದರೂ ಜನರ ಪರವಾಗಿ ಸತ್ಯ ಹೇಳುವುದು. ವಿಶ್ವವಿದ್ಯಾಲಯದಿಂದ ನಾನು ಬಯಸುವುದು ಇದನ್ನೇ. "ಇದು ಮಾಡಿಸಿ, ಅದು ಮಾಡಿಸಿ" ಅನ್ನುವವರು ಬೇಕಾದಷ್ಟಿದ್ದಾರೆ. "ಇದು ನಿಮಗೆ ಬೇಡ" ಅನ್ನುವವರು ಯಾರಿದ್ದಾರೆ?

ಬೆಳದಿಂಗಳು:
ಇದನ್ನು ಓದಿ ಬೇಸರ ಆಯಿತು. ನನ್ನ ಚಿಕ್ಕಮ್ಮನಿಗೆ ಯಾರೂ ಹೀಗೆ ಹೇಳಲಿಲ್ಲ.

ಇಬ್ಬರ_ತಾಯಿ:
ನನಗಾದದ್ದನ್ನು ಹೇಳುತ್ತೇನೆ. ಒಂದು ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ಲಸಿಕೆ ಬಗ್ಗೆ ಕಾರ್ಯಕ್ರಮ ಇತ್ತು. ಹೆಸರು ಬೇಡ. ದಡಾರ ಲಸಿಕೆಯಿಂದ ಆಟಿಸಂ ಬರುತ್ತದೆ ಅಂತ ಒಂದು ವಿಡಿಯೋ ನೋಡಿದ್ದೆ. ಎದ್ದು ನಿಂತು ಕೇಳಿದೆ. ವೇದಿಕೆ ಮೇಲಿದ್ದವರು "ಫೋನ್ ನೋಡಿ ಡಾಕ್ಟರ್ ಆಗಲು ಬರಬೇಡಿ" ಅಂದರು. ಎಲ್ಲರೂ ನಕ್ಕರು. ನಾನು ಲಸಿಕೆ ಬೇಡ ಅಂದವಳಲ್ಲ, ಹೆದರಿದ್ದವಳು. ಆಮೇಲೆ ಅಲ್ಲಿಗೆ ಹೋಗಲಿಲ್ಲ. ಲಸಿಕೆ ಹಾಕಿಸಿದೆ, ಆದರೆ ಅದು ಬಡಾವಣೆಯ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು ಅರ್ಧ ಗಂಟೆ ಕೂತು ಮಾತಾಡಿದ್ದರಿಂದ.

ಮಕ್ಕಳ_ಡಾಕ್ಟರ್:
@ಇಬ್ಬರ_ತಾಯಿ ನಿಮ್ಮ ಪ್ರಶ್ನೆ ಸರಿಯಾಗೇ ಇತ್ತು. ಉತ್ತರವೂ ಇತ್ತು. 1998ರಲ್ಲಿ ಬ್ರಿಟನ್‌ನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಮತ್ತು ಇತರರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಭಯ ಹಬ್ಬಿತು. ಅದರಲ್ಲಿ ಇದ್ದದ್ದು 12 ಮಕ್ಕಳು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಬ್ರಿಟನ್‌ನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರೂ ಹೋಯಿತು. ಆಮೇಲೆ ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಫಲಿತಾಂಶ ಕೊಟ್ಟರು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ.

ಇಷ್ಟು ಹೇಳಲು ಎರಡು ನಿಮಿಷ ಸಾಕು. ನಗುವ ಬದಲು ಆ ಎರಡು ನಿಮಿಷ ಕೊಡಬೇಕಿತ್ತು. ನಿಮ್ಮ ಹಿಂದೆ ಕೂತಿದ್ದ ಎಷ್ಟು ತಾಯಂದಿರ ಮನಸ್ಸಿನಲ್ಲಿ ಅದೇ ಪ್ರಶ್ನೆ ಇತ್ತೋ! ಅವರೆಲ್ಲ ಬಾಯಿ ಮುಚ್ಚಿಕೊಂಡು ಎದ್ದು ಹೋಗಿರುತ್ತಾರೆ.

ಹೆದ್ದಾರಿ:
ಎರಡು ನಿಮಿಷ ಅನ್ನುತ್ತೀರಿ ಡಾಕ್ಟ್ರೇ, ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಅಷ್ಟೂ ಸಿಗುವುದಿಲ್ಲ.

ಮಕ್ಕಳ_ಡಾಕ್ಟರ್:
ನಿಜ. ಅದಕ್ಕೇ ಇದು ವಿಶ್ವವಿದ್ಯಾಲಯದ ಕೆಲಸ ಅನ್ನುವುದು. ಅಲ್ಲಿ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ದಂತ ವೈದ್ಯಕೀಯ ಓದುವವರು ನೂರಾರು ಜನ ಇರುತ್ತಾರೆ. ಕಾಯುವ ಜಾಗದಲ್ಲಿ ಗಂಟೆಗಟ್ಟಲೆ ಕೂರುವ ರೋಗಿಗಳೂ ಇರುತ್ತಾರೆ. ಇವರಿಬ್ಬರನ್ನು ಸೇರಿಸಿ. ವಿದ್ಯಾರ್ಥಿಗಳಿಗೆ ಒಂದು ವಿಷಯ ಕಲಿಸಿ: ವಿವರಿಸಿದ ಮೇಲೆ "ಗೊತ್ತಾಯ್ತಾ?" ಅನ್ನಬಾರದು. ಎಲ್ಲರೂ ಹೂಂ ಅನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನಾ ನೋಡೋಣ, ಮನೆಗೆ ಹೋಗಿ ಇದನ್ನು ಹೇಗೆ ಹೇಳುತ್ತೀರಿ?" ಅಂತ ಕೇಳಬೇಕು. ಅವರು ಹೇಳುವಾಗ ಎಲ್ಲಿ ತಪ್ಪುತ್ತದೋ ಅಲ್ಲಿ ನಮ್ಮ ವಿವರಣೆ ತಪ್ಪಿದೆ ಅಂತ ಅರ್ಥ. ಮತ್ತೆ ಹೇಳಬೇಕು.

ಮೂರನೇ_ವರ್ಷ:
ಇದನ್ನು ನಾವು ಒಂದು ವಾರ್ಡಿನಲ್ಲಿ ಮಾಡುತ್ತಿದ್ದೇವೆ. ಇನ್ಹೇಲರ್ ಬಳಸುವುದನ್ನು ತೋರಿಸಿ, ತಿರುಗಿ ಮಾಡಿ ತೋರಿಸಲು ಹೇಳುತ್ತೇವೆ. ವರ್ಷಗಳಿಂದ ಬಳಸುವವರೂ ಉಸಿರು ಒಳಗೆಳೆಯುವ ಮೊದಲೇ ಒತ್ತಿಬಿಡುತ್ತಾರೆ. ಅದು ಪರೀಕ್ಷೆಗೆ ಓದಿದ್ದಕ್ಕಿಂತ ಚೆನ್ನಾಗಿ ತಲೆಯಲ್ಲಿ ಕೂತಿದೆ.

ಅಂಗಳದ_ಮಾತು:
ಎಲ್ಲರೂ "ನಾವು ಹೇಳಬೇಕು, ಅವರು ಕೇಳಬೇಕು" ಅನ್ನುವ ದಾರಿಯಲ್ಲೇ ಇದ್ದೀರಿ. ಸ್ವಲ್ಪ ಚೆನ್ನಾಗಿ ಹೇಳೋಣ, ಹತ್ತಿರ ಹೋಗಿ ಹೇಳೋಣ ಅಷ್ಟೇ. ಜನರೇ ಯೋಚಿಸಲಿ ಅಂತ ಯಾರೂ ಅಂದಿಲ್ಲ.

ನೇಪಾಳದ ಮಕ್ವಾನ್‌ಪುರ ಜಿಲ್ಲೆಯ ಪ್ರಯೋಗ ನೋಡಿ. 2004ರಲ್ಲಿ ಪ್ರಕಟವಾದದ್ದು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು, ನೇಪಾಳದ ಒಂದು ಸಂಸ್ಥೆ ಸೇರಿ ಮಾಡಿದರು. ಹಳ್ಳಿಯ ಒಬ್ಬ ಹೆಂಗಸಿಗೆ ಸಭೆ ನಡೆಸುವ ತರಬೇತಿ ಕೊಟ್ಟರು. ಅವಳು ವೈದ್ಯೆ ಅಲ್ಲ, ನರ್ಸೂ ಅಲ್ಲ. ಪ್ರತಿ ತಿಂಗಳು ಹೆಂಗಸರು ಸೇರಿ ಹೆರಿಗೆಯಲ್ಲಿ, ಹುಟ್ಟಿದ ಮಗುವಿನಲ್ಲಿ ಏನೇನು ತೊಂದರೆ ಕಂಡಿದ್ದೇವೆ ಅಂತ ಮಾತಾಡಿದರು. ಯಾವುದು ಮೊದಲು ಅಂತ ಅವರೇ ಆರಿಸಿದರು. ಪರಿಹಾರವನ್ನೂ ಅವರೇ ಹುಡುಕಿದರು. ಕೆಲವರು ತುರ್ತಿಗೆ ಹಣ ಕೂಡಿಟ್ಟರು. ಕೆಲವರು ಗರ್ಭಿಣಿಯನ್ನು ಹೊತ್ತೊಯ್ಯಲು ಡೋಲಿ ಮಾಡಿಸಿದರು. ಈ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಸುಮಾರು 30% ಕಡಿಮೆ ಇತ್ತು.

ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಆಲ್ಮಾ ಆಟಾ ಘೋಷಣೆ 1978ರಲ್ಲೇ ಹೇಳಿದೆ: ತಮ್ಮ ಆರೋಗ್ಯ ಸೇವೆಯ ಯೋಜನೆ ಮಾಡುವುದರಲ್ಲೂ ಅದನ್ನು ನಡೆಸುವುದರಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು, ಕರ್ತವ್ಯ ಎರಡೂ. ಕೇಳಿಸಿಕೊಳ್ಳುವುದು ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಗಣಿತಪ್ರಿಯ:
ಈ ಬಗೆಯ ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆ ನೋಡಿದ್ದೇನೆ. ಫಲ ಚೆನ್ನಾಗಿ ಕಂಡದ್ದು ಗರ್ಭಿಣಿಯರಲ್ಲಿ ಕನಿಷ್ಠ 30% ಜನ ಗುಂಪಿಗೆ ಬಂದ ಕಡೆ. ನಾಲ್ಕು ಜನ ಬಂದು ಹೋದರೆ ಆಗುವುದಿಲ್ಲ. ಅಷ್ಟು ಕಾಲ ಊರಲ್ಲಿ ನಿಲ್ಲುವ ತಾಳ್ಮೆ ಬೇಕು.

ಅಂಗಳದ_ಮಾತು:
ಹೌದು. ವಿಶ್ವವಿದ್ಯಾಲಯಕ್ಕೆ ಅದು ಇರಬೇಕು. ಯೋಜನೆಯ ಹಣ ಮುಗಿದ ದಿನ ಗಂಟು ಕಟ್ಟಿಕೊಂಡು ಹೋಗುವವರನ್ನು ಜನ ಬೇಕಾದಷ್ಟು ನೋಡಿದ್ದಾರೆ.

ಕಡಲದಂಡೆ:
ನಂಬಿಕೆಯ ಮಾತು ಬಂತು, ಹಾಗಾಗಿ ಇದು. ಅಮೆರಿಕದ ಟಸ್ಕೀಗಿಯಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ಸುಮಾರು 400 ಕಪ್ಪು ಗಂಡಸರನ್ನು ಗಮನಿಸುತ್ತಾ ಹೋಯಿತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಂಥದ್ದರ ನೆನಪು ತಲೆಮಾರುಗಳವರೆಗೆ ಉಳಿಯುತ್ತದೆ. ಸಂಶೋಧನೆ ಅಂದಾಗ ಜನ ಹಿಂಜರಿದರೆ ಅವರಿಗೆ ಅಜ್ಞಾನ ಅನ್ನುವುದು ಬಹಳ ಸುಲಭ.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಮನೆಗೆ ಒಮ್ಮೆ ಸಮೀಕ್ಷೆಗೆ ಬಂದರು. ರಕ್ತ ತೆಗೆದುಕೊಂಡರು, ತುಂಬಾ ಪ್ರಶ್ನೆ ಕೇಳಿದರು, ಹೋದರು. ಏನು ಸಿಕ್ಕಿತು ಅಂತ ಈವರೆಗೆ ಯಾರೂ ಹೇಳಿಲ್ಲ. ನಮ್ಮ ರಕ್ತದಿಂದ ಯಾರಿಗೋ ಪದವಿ ಬಂದಿರಬಹುದು. ಬರಲಿ, ಸಂತೋಷ. ಒಂದು ಪುಟದಲ್ಲಿ ನಮಗೆ ಅರ್ಥವಾಗುವ ಹಾಗೆ ಬರೆದು ತಂದುಕೊಡಿ.

ಹಳೇ_ಓದುಗ:
@ಕಡಲದಂಡೆ ಇದಕ್ಕೆ ಎದುರಾದ ಉದಾಹರಣೆ ಅಮೆರಿಕದ್ದೇ ಫ್ರೇಮಿಂಗ್‌ಹ್ಯಾಮ್ ಪಟ್ಟಣ. 1948ರಲ್ಲಿ ಆ ಪಟ್ಟಣದ 5,209 ಜನರಿಂದ ಶುರುವಾದ ಹೃದಯದ ಅಧ್ಯಯನ ಇವತ್ತಿಗೂ ನಡೆಯುತ್ತಿದೆ. ಮಕ್ಕಳು, ಮೊಮ್ಮಕ್ಕಳೂ ಸೇರಿದ್ದಾರೆ. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಅಪಾಯ ಅಂತ ಇವತ್ತು ನಾವು ಸಲೀಸಾಗಿ ಹೇಳುವುದರ ಹಿಂದೆ ಆ ಊರಿನವರ ತಾಳ್ಮೆ ಇದೆ.

ಬೆಳದಿಂಗಳು:
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ದೇಹದಾನದ ಬಗ್ಗೆ ಕೇಳಬಹುದಾ? ನಮ್ಮ ಅತ್ತೆಗೆ ಆಸೆ ಇದೆ. ಎಲ್ಲಿ ಕೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ.

ವಾರ್ಡ್_ನರ್ಸ್:
ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಕೇಳಿ. ಬದುಕಿರುವಾಗಲೇ ಅರ್ಜಿ ತುಂಬಿ ಮನೆಯವರಿಗೂ ಹೇಳಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಅವರೇ. ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕುಗಳಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣನ್ನೂ ಕೊಡುವುದಾದರೆ ಬೇಗ ತಿಳಿಸಿ, ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು.

ಮೂರನೇ_ವರ್ಷ:
@ಬೆಳದಿಂಗಳು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾವು ಕಲಿತದ್ದು ಅಂಥವರಿಂದಲೇ.

ಅಂಗಳದ_ಮಾತು:
ಇದು ಬೇರೆ ವಿಷಯ ಅಲ್ಲವೇ ಅಲ್ಲ. ಒಂದು ಕುಟುಂಬ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ದೊಡ್ಡದು ಏನು ಕೊಡಲು ಸಾಧ್ಯ? ಥೈಲ್ಯಾಂಡ್‌ನ ವೈದ್ಯಕೀಯ ಕಾಲೇಜುಗಳಲ್ಲಿ ದೇಹ ಕೊಟ್ಟವರನ್ನು ದೊಡ್ಡ ಗುರು ಅಂತ ಕರೆಯುತ್ತಾರೆ. ವರ್ಷದ ಕೊನೆಗೆ ಅಂತ್ಯಕ್ರಿಯೆಯಲ್ಲಿ ವಿದ್ಯಾರ್ಥಿಗಳೂ ಕುಟುಂಬದವರೂ ಒಟ್ಟಿಗೆ ಇರುತ್ತಾರೆ. ನಮ್ಮ ಕಡೆ ಎಷ್ಟು ಕಾಲೇಜುಗಳು ದಾನಿಯ ಮನೆಗೆ ಒಂದು ಪತ್ರ ಬರೆಯುತ್ತವೆ? ಜಾಥಾ ಬಿಟ್ಟು ಆ ಪತ್ರ ಬರೆಯಿರಿ.

ಓಡುವ_ಕಾಲು:
ನನ್ನ ಸಲಹೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವುದು. ಡೆನ್ಮಾರ್ಕ್‌ನಲ್ಲಿ 2005ರಿಂದ ಶಾಲೆಗಳಲ್ಲಿ, ಮರುವರ್ಷದಿಂದ ಚಾಲನಾ ಪರವಾನಗಿಗೆ ಬರುವವರಿಗೆ ಕಡ್ಡಾಯ ಮಾಡಿದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಪಕ್ಕದಲ್ಲಿದ್ದವರೇ ಎದೆ ಒತ್ತುವುದು 2001ರಲ್ಲಿ 21% ಇತ್ತು, 2010ಕ್ಕೆ 45% ಆಯಿತು. ಒಂದು ತಿಂಗಳ ನಂತರವೂ ಬದುಕಿದ್ದವರು 3.5%ರಿಂದ ಸುಮಾರು 11%ಕ್ಕೆ ಏರಿದರು. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳ. ಭಾಷಣ ಬೇಡ, ಗೊಂಬೆ ಇಡಿ, ಜನರ ಕೈಗೆ ಕೆಲಸ ಕೊಡಿ.

ಗಣಿತಪ್ರಿಯ:
ಅದೇ ಹತ್ತು ವರ್ಷದಲ್ಲಿ ಅಲ್ಲಿ ಆಂಬುಲೆನ್ಸ್, ಆಸ್ಪತ್ರೆ ಚಿಕಿತ್ಸೆಯೂ ಸುಧಾರಿಸಿತ್ತು. ಎಲ್ಲ ಶ್ರೇಯ ತರಬೇತಿಗೇ ಕೊಡಬೇಡಿ. ಆದರೂ ಈ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ.

ಹೆದ್ದಾರಿ:
ಅಬ್ಬಾ, ಗಣಿತಪ್ರಿಯರು ಒಪ್ಪಿದರು. ಇದನ್ನೇ ಮೊದಲು ಶುರು ಮಾಡಿ!

ಇಬ್ಬರ_ತಾಯಿ:
ಭಾಷಣವೇ ಬೇಡ ಅನ್ನಬೇಡಿ. ನನಗೆ ಕಲಿಯುವ ಆಸೆ ಇದೆ. ರೋಗನಿರೋಧಕ ಶಕ್ತಿ ಅಂದರೇನು, ಆ್ಯಂಟಿಬಯಾಟಿಕ್ ನೆಗಡಿಗೆ ಯಾಕೆ ಕೆಲಸ ಮಾಡುವುದಿಲ್ಲ, ಇಂಥದ್ದನ್ನು ಪಾಠದ ಹಾಗೆ ಕಲಿಸಿದರೆ ಬರುತ್ತೇನೆ.

ಮಕ್ಕಳ_ಡಾಕ್ಟರ್:
ಅದಕ್ಕೂ ಮಾದರಿ ಇದೆ. 1989ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಜೆ. ಜಾನ್ ಕೋಹೆನ್ ಅನ್ನುವ ರೋಗನಿರೋಧಕ ಶಾಸ್ತ್ರದ ಪ್ರಾಧ್ಯಾಪಕರು ಸಾಮಾನ್ಯ ಜನರಿಗೆ ಸಂಜೆ ಹೊತ್ತು ಪುಟ್ಟ ವೈದ್ಯಕೀಯ ಶಾಲೆ ಶುರು ಮಾಡಿದರು. ವಾರಕ್ಕೊಂದು ಪಾಠ, ಪರೀಕ್ಷೆ ಇಲ್ಲ. ಆಮೇಲೆ ಬೇರೆ ವಿಶ್ವವಿದ್ಯಾಲಯಗಳೂ ಇದನ್ನು ಶುರು ಮಾಡಿದವು. ಜನರಿಗೆ ಕಷ್ಟದ ವಿಷಯ ಅರ್ಥವಾಗುವುದಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಹೇಳುವವರು ತಯಾರಾಗಿ ಬರಬೇಕು.

ಸಮಿತಿ_ಸದಸ್ಯೆ:
ಎಲ್ಲವನ್ನೂ ಓದಿದೆ. ಕೆಲವು ಮಾತು ಚುಚ್ಚಿದವು, ಚುಚ್ಚಬೇಕಿತ್ತು. ಮುಂದಿನ ಸಭೆಗೆ ಮೂರು ವಿಷಯ ಒಯ್ಯುತ್ತೇನೆ. ಬಿಪಿ ಶಿಬಿರ ಮಾಡಿದರೆ ಎರಡನೇ ದಿನದ ತಪಾಸಣೆ, ಆಮೇಲಿನ ಔಷಧಿ ಯಾರ ಜವಾಬ್ದಾರಿ ಅಂತ ಮೊದಲೇ ಬರೆದಿರಬೇಕು, ಇಲ್ಲದಿದ್ದರೆ ಶಿಬಿರ ಇಲ್ಲ. ನಾವು ರಕ್ತ, ಮಾಹಿತಿ ತೆಗೆದುಕೊಂಡ ಪ್ರತಿ ಊರಿಗೂ ಫಲಿತಾಂಶ ಕನ್ನಡದಲ್ಲಿ ಒಂದು ಪುಟ. ಮತ್ತೆ ಸಂಜೆಯ ಸಿಪಿಆರ್ ತರಬೇತಿ. ಸಮಿತಿಗೆ ಇಬ್ಬರು ಹೊರಗಿನವರನ್ನೂ ಸೇರಿಸಲು ಕೇಳುತ್ತೇನೆ.

ಅಂಗಳದ_ಮಾತು:
ಇಬ್ಬರು ಸಾಲದು. ಹತ್ತು ಪ್ರಾಧ್ಯಾಪಕರ ಮಧ್ಯೆ ಇಬ್ಬರು ಕೂತರೆ ಬಾಯಿ ಬಿಡುವುದಿಲ್ಲ. ಬ್ರಿಟನ್‌ನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಇದೆ. ಒಂದು ಕಾಯಿಲೆ ಬಗ್ಗೆ ಯಾವ ಸಂಶೋಧನೆ ಮೊದಲು ನಡೆಯಬೇಕು ಅಂತ ರೋಗಿಗಳು, ಅವರನ್ನು ನೋಡಿಕೊಳ್ಳುವವರು, ವೈದ್ಯರು ಸಮಾನವಾಗಿ ಕೂತು ಹತ್ತು ಪ್ರಶ್ನೆ ಆರಿಸುತ್ತಾರೆ. ಆ ಸಮಾನವಾಗಿ ಅನ್ನುವುದು ಮುಖ್ಯ. ಅರ್ಧ ಸಮಿತಿ ಹೊರಗಿನವರದ್ದಾಗಲಿ.

ಸಮಿತಿ_ಸದಸ್ಯೆ:
ಅರ್ಧ ಅಂತಲೇ ಕೇಳುತ್ತೇನೆ. ಒಪ್ಪಿಸುವುದು ಕಷ್ಟ ಇದೆ.

ಇಬ್ಬರ_ತಾಯಿ:
ಸಭೆ ಸಂಜೆ ಆರರ ಮೇಲೆ ಇದ್ದರೆ ನಾನು ಬರುತ್ತೇನೆ. ಮಗುವನ್ನು ಕರೆತರಲು ಬಿಡಬೇಕು.

ಬೆಳದಿಂಗಳು:
ಬಸ್ ಖರ್ಚನ್ನೂ ಕೊಡಿ, ಮರೆಯಬೇಡಿ.